ಕಾರ್ಡಿಗಾಗಿ ಹೂಡಿದ ಒಲೆ

ಮೊಮ್ಮಕ್ಕಳೇ, ನಿಮ್ಮವ್ವನೂ ನಾನೂ ಒಂದು ಸಲ ಬೇರೆ ಬೇರೆ ಒಲೆಯಲ್ಲಿ ಅಡುಗೆ ಮಾಡಿಕೊಂಡಿದ್ದೆವು ಎಂದು ಯಾರಾದರೂ ನಿಮಗೆ ಹೇಳಿಯಾರು. ನಮ್ಮ ಬೀದಿಯಲ್ಲಿ ಹೇಳುವವರಿಗೆ ಕೊರತೆಯಿಲ್ಲ. ಅದು ಜಗಳದಿಂದ ಆದದ್ದಲ್ಲ, ನನ್ನ ಹೊಟ್ಟೆಯೊಳಗಿನ ಕಲ್ಲಿನಿಂದ ಆದದ್ದು. ಎದುರಿಗೆ ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಉಂಡ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದುಕೊಳ್ಳುತ್ತಿತ್ತು. ವಾಯು ಎಂದು ಓಮಿನ ನೀರು ಕುಡಿದು ಸುಮ್ಮನಿದ್ದೆ. ಒಂದು ದಿನ ನೋವಿಗೆ ನೆಲಕ್ಕೆ ಕೂತುಬಿಟ್ಟಾಗ ನಿಮ್ಮಪ್ಪ ತನ್ನ ಗೂಡ್ಸ್ ಆಟೋದಲ್ಲೇ ಹುಣಸೂರಿಗೆ ಕರೆದುಕೊಂಡು ಹೋದ. ಸ್ಕ್ಯಾನಿಂಗ್ ನೋಡಿದ ಡಾಕ್ಟರು, ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಮಾಡಿ ಕೋಶವನ್ನೇ ತೆಗೆಯಬೇಕು, ಬಿಟ್ಟರೆ ಕಾಮಾಲೆಗೆ ತಿರುಗಬಹುದು ಎಂದರು. ಖರ್ಚು ಎಷ್ಟಾಗುತ್ತದೆಂದು ಕೇಳಿದ ಮೇಲೆ ನಿಮ್ಮಪ್ಪ ನನ್ನ ಮುಖವನ್ನು ನೋಡಲಿಲ್ಲ.

"ಇನ್ಶೂರೆನ್ಸ್ ಏನಾದ್ರೂ ಇದ್ಯಾ?" ಎಂದು ಡಾಕ್ಟರು ಕೇಳಿದರು.

ಒಂದು ಕಾಲಕ್ಕೆ ಇತ್ತು. ನಿಮ್ಮ ತಾತ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅವರ ಸಂಬಳದಲ್ಲೇ ಹಿಡಿದುಕೊಂಡು ಒಂದು ಕಾರ್ಡು ಕೊಟ್ಟಿದ್ದರು. ಅವರು ಹೋದ ಮೇಲೂ ನಾನು ಆ ಕಾರ್ಡನ್ನು ಸೀರೆಯ ಮಡಿಕೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ. ಕೆಲಸದಲ್ಲಿದ್ದವರು ಹೋದರೆ ಕಾರ್ಡಿನ ಕೆಲಸವೂ ಹೋಗುತ್ತದೆ ಎಂದು ನನಗೆ ತಿಳಿದದ್ದು ಅವತ್ತೇ.

ಮಾರನೆಯ ವಾರ ನಿಮ್ಮಪ್ಪ ಒಬ್ಬ ಇನ್ಶೂರೆನ್ಸ್ ಏಜೆಂಟರನ್ನು ಮನೆಗೇ ಕರೆತಂದ. ಒಳ್ಳೆಯ ಮನುಷ್ಯರು. ನನ್ನ ವಯಸ್ಸು ಕೇಳಿದರು, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಎರಡನ್ನೂ ಕೇಳಿದ ಮೇಲೆ ವರ್ಷಕ್ಕೆ ಕಟ್ಟುವ ಹಣ ಹಗ್ಗ ಬಿಚ್ಚಿದ ಕರುವಿನ ಹಾಗೆ ಎಲ್ಲಿಗೋ ಓಡಿತು.

"ಕಟ್ಟಿದರೆ ಈ ಕಲ್ಲು ತೆಗೀತಾರಾ?" ಎಂದು ನಿಮ್ಮವ್ವ ಬಾಗಿಲ ಹಿಂದಿನಿಂದ ಕೇಳಿದಳು.

"ಇಲ್ಲ ತಾಯಿ. ಮೊದ್ಲೇ ಇರೋ ಕಾಯಿಲೆಗೆ ಮೂರು ವರ್ಷ ಕಾಯ್ಬೇಕು. ಆಮೇಲೆ ಕೊಡ್ತಾರೆ."

ನಾವು ಕಾಯಬಹುದು, ಕಲ್ಲು ಕಾಯುತ್ತದೆಯೇ? ಕೇಳಬೇಕೆನಿಸಿತು, ಕೇಳಲಿಲ್ಲ. ಕಾಯಿಲೆ ಇಲ್ಲದವರಿಗೆ ಕೊಡುತ್ತಾರೆ, ಇದ್ದವರನ್ನು ಕಾಯಿಸುತ್ತಾರೆ. ಇದರ ಲೆಕ್ಕ ನನಗೆ ಇವತ್ತಿಗೂ ತಿಳಿದಿಲ್ಲ.

ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಡವರ ರೇಷನ್ ಕಾರ್ಡು ಇದ್ದವರಿಗೆ ಪೂರ್ತಿ ಬಿಟ್ಟಿ ಎಂದು ಯಾರೋ ಹೇಳಿದರು. ನಮ್ಮದು ಬಡವರದಲ್ಲದ ಬಿಳಿ ಕಾರ್ಡು, ಅದಕ್ಕೆ ಬಿಲ್ಲಿನಲ್ಲಿ ಒಂದು ಪಾಲು ಮಾತ್ರ ಸರ್ಕಾರ ಕೊಡುತ್ತದಂತೆ. ಕಂಪಲಾಪುರದಲ್ಲಿ ಅರ್ಜಿ ಹಾಕಿಕೊಡುವ ಕಂಪ್ಯೂಟರ್ ಅಂಗಡಿಯ ಹೆಂಗಸು ಒಂದು ದಾರಿ ತೋರಿಸಿದಳು.

"ಅಜ್ಜಿ ಒಬ್ರೇ ಬ್ಯಾರೆ ಇದ್ದಾರೆ ಅಂತ ಹೊಸ ಕಾರ್ಡಿಗೆ ಹಾಕಿ ಕಣಣ್ಣ. ಗಂಡಿಲ್ಲದೋರ್ಗೆ ಬಡವರ ಕಾರ್ಡು ಆಯ್ತದೆ. ಆದ್ರೆ ಮನೆ ನೋಡಕ್ಕೆ ಬತ್ತಾರೆ. ಒಲೆ ಬ್ಯಾರೆ ಇರ್ಬೇಕು. ಮೊದ್ಲು ಒಲೆ ಹೂಡಿ, ಆಮೇಲೆ ಬನ್ನಿ, ಅರ್ಜಿ ಹಾಕುವ."

ಒಲೆ ಬೇರೆ ಎನ್ನುವ ಮಾತು ನಮ್ಮ ಕಡೆ ಎಂಥದೆಂದು ನಿಮಗೆ ಗೊತ್ತಿರಲಾರದು. ಗೋಡೆ ಒಂದೇ ಇರಲಿ, ಹೊಲ ಒಂದೇ ಇರಲಿ, ಒಲೆ ಎರಡಾಯಿತೆಂದರೆ ಮನೆ ಒಡೆಯಿತು ಎಂದೇ ಅರ್ಥ. ಅವತ್ತು ಆಟೋದಲ್ಲಿ ಮನೆಗೆ ಬರುವಾಗ ನಿಮ್ಮವ್ವನೇ, "ಕಾರ್ಡಿಗೆ ತಾನೆ, ನಾಕು ದಿನ ಹೂಡಿದ್ರಾಯ್ತು," ಎಂದಳು. ಹೊರಗೆ ಯಾರಿಗೂ ಹೇಳುವುದು ಬೇಡ, ಮೋಸ ಎಂದುಕೊಂಡಾರು ಎಂದು ನಾನೇ ಹೇಳಿದೆ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಪಕ್ಕದ ಕೋಣೆಯಲ್ಲಿ ಮೂರು ಕಲ್ಲಿಟ್ಟೆ. ಎರಡು ಪಾತ್ರೆ, ಒಂದು ತಟ್ಟೆ, ಒಂದು ಲೋಟ. ಅಧಿಕಾರಿ ಬಂದಾಗ ನಿಜ ಕಾಣಬೇಕಲ್ಲ ಎಂದು ದಿನವೂ ಅಲ್ಲೇ ಮುದ್ದೆ ತಿರುವಿ ಒಬ್ಬಳೇ ಉಂಡೆ. ನೀವಿಬ್ಬರೂ ನನ್ನ ತಟ್ಟೆಯ ಮುಂದೆ ಬಂದು ಕೂತರೆ ನಿಮ್ಮವ್ವ ಕೂಗಿ ಒಳಗೆ ಕರೆಯುತ್ತಿದ್ದಳು. ಅಡುಗೆಯನ್ನು ಬೇರೆ ಮಾಡಿಕೊಂಡದ್ದು ಸುಳ್ಳು, ಆದರೆ ಅವಳು ನಿಮ್ಮನ್ನು ಕರೆಯುವ ದನಿ ದಿನ ಕಳೆದಂತೆ ನಿಜವಾಗಿ ಬಿಗಿಯಾಗುತ್ತಿತ್ತು. ನಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ಇನ್ನಷ್ಟು ಸುಮ್ಮನಾದೆ.

ನಮ್ಮ ಲೆಕ್ಕ ತಪ್ಪಿದ್ದು ಹೊಗೆಯಲ್ಲಿ. ಅದು ಸೊಪ್ಪು ಬೇಯಿಸುವ ಕಾಲವಲ್ಲ. ಬ್ಯಾರನ್ ಕಡೆಯಿಂದ ಹೊತ್ತು ಹೊತ್ತಿಗೆ ಹೊಗೆ ಎದ್ದರೆ ಊರು ಕಣ್ಣು ಮುಚ್ಚಿಕೊಂಡಿರುತ್ತದೆಯೇ? ಸುದ್ದಿ ನನ್ನ ತವರು ಮಿರ್ಲೆಯವರೆಗೂ ಹೋಯಿತು. ಒಂದು ಬೆಳಿಗ್ಗೆ ನನ್ನ ತಮ್ಮ ಬೈಕಿನ ಹಿಂದೆ ಅಕ್ಕಿ ಮೂಟೆ, ಹೊಸ ಪಾತ್ರೆಗಳನ್ನು ಕಟ್ಟಿಕೊಂಡು ಬಂದಿಳಿದ. ಒಲೆ ಬೇರೆಯಾದ ಹೆಣ್ಣಿಗೆ ತವರಿನವರು ಅಕ್ಕಿ ಪಾತ್ರೆ ತಂದುಕೊಡುವುದು ನಮ್ಮಲ್ಲಿ ಪದ್ಧತಿ. ಅದಾದ ಮೇಲೆ ಭಾಗದ ಮಾತು ಶುರುವಾಗುತ್ತದೆ.

"ಅಕ್ಕಯ್ಯ, ನಾನಿನ್ನೂ ಬದ್ಕಿವ್ನಿ ಕಣವ್ವ!" ಎಂದು ಅಂಗಳದಲ್ಲೇ ಕೂಗಿದ. ನಿಮ್ಮಪ್ಪನ ಕಡೆ ತಿರುಗಿ, "ಏನ್ಲಾ, ಹೆತ್ತೋಳ್ನ ಬ್ಯಾರನ್‌ಗೆ ತಳ್ಬುಟ್ಟು ಒಳಗೆ ಉಣ್ತಾ ಕುಂತಿದ್ದೀಯಾ?" ಎಂದ.

"ಮಾವ, ಕೂತ್ಕಳಿ. ಅದು ಕಾರ್ಡಿಗೆ."

"ಯಾವ ಕಾರ್ಡ್ಲಾ?"

"ರೇಷನ್ ಕಾರ್ಡು."

"ಥೂ! ರೇಷನ್ ಅಕ್ಕಿಗೆ ಅವ್ವನ್ನ ಆಚೆಗಾಕಿದ್ದೀಯಾ? ಇಕಾ, ನಾನೇ ತಂದಿವ್ನಿ ಅಕ್ಕಿ, ತಿನ್ನು!"

"ಅಕ್ಕಿಗಲ್ಲ ಮಾವ, ಕಲ್ಲಿಗೆ."

"ಕಲ್ಲಾ?" ನನ್ನ ತಮ್ಮ ಒಮ್ಮೆ ಮೂಟೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ನಾನು ವಿವರವಾಗಿ ಹೇಳಬೇಕಿತ್ತು. ಬೇಲಿಯಾಚೆ ಜನ ನಿಂತಿದ್ದರು, ನಾಲಿಗೆ ಏಳಲಿಲ್ಲ.

ಆಗ ನಿಮ್ಮವ್ವ ಹೊರಗೆ ಬಂದಳು. "ಡೈರಿಗೆ ಹಾಲು ತಕ್ಕೊಂಡೋದ್ರೆ ಎಲ್ರೂ ನನ್ನ ಮೊಕಾನೇ ನೋಡ್ತಾರೆ ಮಾವ, ಅತ್ತೇನ ಆಚೆಗಾಕಿದೋಳು ಅಂತ. ನಾನೇನ್ ಮಾಡಿದ್ದೆ ಹೇಳಿ? ಅತ್ತೆ ಬಾಯಿ ಬುಟ್ಟು ಒಂದು ಮಾತಾಡಿದ್ರೆ ಸಾಕಿತ್ತು," ಎಂದು ಅಲ್ಲೇ ಅತ್ತಳು.

ಆ ಬಿಗಿದ ದನಿ ಯಾಕೆಂದು ಆಗ ತಿಳಿಯಿತು. ನಾನು ಹೋಗಿ ಒಲೆಗೆ ನೀರು ಹೊಯ್ದೆ. ಆಪರೇಷನ್ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಅವತ್ತು ಎಲ್ಲರೂ ಒಟ್ಟಿಗೆ ಉಂಡೆವು, ನನ್ನ ತಮ್ಮನ ಅಕ್ಕಿಯದೇ ಅನ್ನ. ಅವನು ಮಾತ್ರ ಉಣ್ಣುವಾಗಲೂ, "ಅಲ್ಲ ಕಣ್ಲಾ, ಕಲ್ಲಿಗೂ ಒಲೆಗೂ ಏನ್ ಸಂಬಂಧ?" ಎಂದು ಕೇಳುತ್ತಲೇ ಇದ್ದ.

ಮಾರನೆಯ ದಿನ ನಿಮ್ಮವ್ವ ಹಾಲಿನ ಡೈರಿಯಲ್ಲಿ ಸಾಲಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ನನ್ನ ಕಲ್ಲಿನ ಕಥೆ ಪೂರ್ತಿ ಹೇಳಿಬಿಟ್ಟಳು. ಕೇಳಿದ ಹಾಲಿನ ಸಂಘದ ಕಾರ್ಯದರ್ಶಿಗಳು ಹಾಲು ಅಳೆಯುವುದನ್ನು ನಿಲ್ಲಿಸಿ ಬೈದರಂತೆ.

"ಮೊದ್ಲೇ ಹೇಳ್ಬಾರ್ದೇನವ್ವ? ಸಂಘದ ಮೆಂಬರ್‌ಗಳ್ಗೆ ಆಸ್ಪತ್ರೆ ಸ್ಕೀಮು ಬರ್ಸ್ಕೊಳ್ಳೋದು ಈಗ ಸುರುವಾಗೈತೆ. ನಿನ್ ಗಂಡ ಮೆಂಬರ್ರು, ಅವ್ರವ್ವನೂ ಅದ್ರಲ್ಲೇ ಸೇರ್ತಾರೆ. ಈ ಆಪರೇಷನ್ನೂ ಪಟ್ಟೀಲೈತೆ. ಆದ್ರೆ ಒಂದೇ ರೇಷನ್ ಕಾರ್ಡಲ್ಲಿ ಹೆಸ್ರಿರ್ಬೇಕು. ಬ್ಯಾರೆ ಮಾಡ್ಸಿಬುಟ್ರಾ ಏನು?"

ಅರ್ಜಿ ಇನ್ನೂ ಹಾಕಿರಲಿಲ್ಲ. ಒಬ್ಬರು ಬೇರೆಯಾದರೆ ವಾಸಿಮಾಡುತ್ತೇವೆ ಎಂದರು, ಇನ್ನೊಬ್ಬರು ಒಟ್ಟಿಗಿದ್ದರೆ ವಾಸಿಮಾಡುತ್ತೇವೆ ಎಂದರು. ಎರಡೂ ಸರ್ಕಾರದ್ದೇ ಎಂದು ನಿಮ್ಮಪ್ಪ ಹೇಳಿದ. ಇರಬಹುದು.

ಸಂಘದ ಸ್ಕೀಮಿಗೆ ಬರೆಸಿ, ಅದರ ಕಾರ್ಡು ಬರುವವರೆಗೆ ಕೆಲವು ತಿಂಗಳು ಎಣ್ಣೆ, ಕರಿದದ್ದು ಬಿಟ್ಟು ಹೇಗೋ ಕಳೆದೆ. ಆಮೇಲೆ ಮೈಸೂರಿನ ಆಸ್ಪತ್ರೆಗೆ ಹೋದೆವು. ನಿಮ್ಮಪ್ಪ ಗಾಡಿ ನಿಲ್ಲಿಸಲು ಹೋಗಿದ್ದ, ನಿಮ್ಮವ್ವ ಸ್ಕ್ಯಾನಿಂಗ್ ಕಾಗದ ಹುಡುಕುತ್ತಿದ್ದಳು. ಕೌಂಟರಿನಲ್ಲಿದ್ದ ಹುಡುಗಿ, "ಅಜ್ಜಿ, ನಿಮ್ದು ಯಾವ ಸ್ಕೀಮು?" ಎಂದು ನನ್ನನ್ನೇ ಕೇಳಿಬಿಟ್ಟಳು.

ನನಗೆ ಹೆಸರು ನೆನಪಾಗಲಿಲ್ಲ. ಹಿಂದೆ ಜನ ನಿಂತಿದ್ದರು. ಆದರೂ ಬಾಯಿ ಬಿಟ್ಟೆ.

"ನಾನು ಮಗ ಸೊಸೆ ಜೊತೇಲೇ ಇರೋದು ಕಣವ್ವ. ಒಲೆ ಒಂದೇ," ಎಂದೆ.

"ನಾನದನ್ನ ಕೇಳಲಿಲ್ಲ ಅಜ್ಜಿ," ಎಂದು ಆ ಹುಡುಗಿ ನಕ್ಕಳು. ನಿಮ್ಮವ್ವ ಕಾಗದ ಹುಡುಕುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಅವಳೂ ನಕ್ಕಳು.