ಬ್ರೇಕಮ್ಮನ ಬಲಗಾಲು

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಕಾರು ಕಲಿಯಲು ಬಂದವರೆಲ್ಲ ಅವಳನ್ನು ಕರೆಯುತ್ತಿದ್ದುದು ಬ್ರೇಕಮ್ಮ ಎಂದೇ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಅವಳ ಬಲಗಾಲು ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುತ್ತಿತ್ತು. ಕೂರಲಿ, ತಪ್ಪೇನು? ಆದರೆ ಆ ಕಾಲು ಮನೆಗೆ ಬಂದ ಮೇಲೂ ಸುಮ್ಮನಿರಬೇಕಲ್ಲ! ಗಂಡ ಬಿಸಿ ಪಾತ್ರೆ ಹಿಡಿದು ಬಿರಬಿರನೆ ಬಂದರೆ ಮೇಜಿನ ಕೆಳಗೆ ಬ್ರೇಕ್. ಟಿವಿಯಲ್ಲಿ ಯಾರೋ ಓಡಿದರೆ ಬ್ರೇಕ್. ಹಾಸಿಗೆಯಲ್ಲೂ ಬ್ರೇಕ್.

"ಅದು ಪೆಡಲ್ ಅಲ್ಲ ಕಣೇ, ನನ್ನ ಮೊಣಕಾಲು," ಎಂದು ಗಂಡ ಗೋಗರೆಯುತ್ತಿದ್ದ.

ಇದೆಲ್ಲ ನಗೆಯ ಮಾತಾಗಿಯೇ ಇತ್ತು, ಅಕ್ಕನ ಪರೀಕ್ಷೆಯ ದಿನದವರೆಗೆ. ಚಿಕ್ಕಂದಿನಲ್ಲಿ ಇವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ಅವಳು. ಲೈಸೆನ್ಸ್ ಸಿಕ್ಕರೆ ಮಕ್ಕಳ ಶಾಲೆಯ ವ್ಯಾನ್ ಓಡಿಸುವ ಕೆಲಸ ಅವಳಿಗೆಂದೇ ಕಾದಿತ್ತು. ತಿಂಗಳುಗಟ್ಟಲೆ ಕಲಿಸಿದವಳು ಬ್ರೇಕಮ್ಮನೇ. ಪರೀಕ್ಷೆಯಲ್ಲಿ ಅಕ್ಕ ತಿರುವುಗಳನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ದಾಟಿದಳು. ಪಕ್ಕದಲ್ಲಿ ಪರೀಕ್ಷಕರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಿಲ್ಲಬೇಕಾದ ಗೆರೆ ಬಂತು. ಕಾರು ನಿಲ್ಲಲಿಲ್ಲ. ಹೋಗಿ ಕಂಬಕ್ಕೆ ಗುದ್ದಿತು.

ಅಕ್ಕ ಬಿಳಿಚಿಕೊಂಡು ಇಳಿದು, ಹೊರಗೆ ಕಾಯುತ್ತಿದ್ದ ತಂಗಿಯ ಬಳಿಗೆ ಬಂದಳು. "ಅಲ್ವೇ, ಇವತ್ತು ಪೆಡಲ್ ಯಾಕೆ ತಾನಾಗೇ ಕೆಳಗೆ ಹೋಗ್ಲಿಲ್ಲ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಬ್ರೇಕಮ್ಮನಿಗೆ ಮಾತ್ರ ಆಗ ಹೊಳೆಯಿತು. ಇವಳು ತನ್ನ ಕಡೆಯ ಪೆಡಲ್ ಒತ್ತಿದರೆ ಅಕ್ಕನ ಕಾಲ ಕೆಳಗಿನದೂ ಇಳಿಯುತ್ತಿತ್ತು. ಅಂದರೆ ಅಕ್ಕ ಇಲ್ಲಿಯವರೆಗೆ ಒಂದು ಸಲವೂ ತಾನಾಗಿ ಬ್ರೇಕ್ ಹಾಕಿಯೇ ಇಲ್ಲ!

"ಮುಂದಿನ ಸಲಕ್ಕೆ ಬೇರೆಯವರು ಕಲಿಸ್ಲಿ ಬಿಡಿ," ಎಂದರು ಡ್ರೈವಿಂಗ್ ಶಾಲೆಯ ಮಾಲೀಕರು. "ಅದೂ ಕೊನೇ ಅವಕಾಶ. ಆಮೇಲೆ ವ್ಯಾನ್ ಕೆಲಸ ಯಾರಿಗೋ ಹೋಗುತ್ತೆ."

"ಕೆಡಿಸಿದವಳು ನಾನು. ಸರಿ ಮಾಡೋಳೂ ನಾನೇ," ಎಂದಳು ಬ್ರೇಕಮ್ಮ.

ಹೇಳುವುದು ಸುಲಭ. ಮರುದಿನ ಕಾಲನ್ನು ಸೀಟಿನ ಕೆಳಗೆ ತುರುಕಿ ಕೂತಳು. ಅಡ್ಡಬಂದ ನಾಯಿಯನ್ನು ಕಂಡದ್ದೇ ಕೈ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ಅಳಿಯ ಅಲ್ಲ, ಮಗಳ ಗಂಡ! ಕೈಯನ್ನೂ ಕಟ್ಟಿಕೊಂಡಾಗ ಹಲ್ಲು ಕಟಕಟ ಎಂದಿತು, ಸಂಜೆಗೆ ಮೀನಖಂಡದಲ್ಲಿ ಗಂಟು ಬಿದ್ದು ನಡೆಯಲಾಗದೆ ಫಿಸಿಯೋ ಮೇಡಂ ಹತ್ತಿರ ಹೋದಳು.

"ಸಡಿಲ ಬಿಡಿ," ಎಂದರು ಮೇಡಂ.

"ಬಿಟ್ಟಿದೀನಲ್ಲ!"

"ಇದಾ ಬಿಡೋದು? ಕಲ್ಲಿನ ಥರ ಇದೆ. ಹೋಗ್ಲಿ, ಇನ್ನೂ ಗಟ್ಟಿ ಹಿಡೀರಿ. ಇನ್ನೂ. ಈಗ ಉಸಿರು ಬಿಡ್ತಾ ಪೂರ್ತಿ ಸಡಿಲ ಬಿಡಿ."

ಕಾಲು ತೊಪ್ಪನೆ ಹಾಸಿಗೆಗೆ ಬಿತ್ತು. "ಅಯ್ಯೋ, ಇದು ನಂದೇ ಕಾಲಾ?" ಎಂದಳು ಬ್ರೇಕಮ್ಮ.

"ಬಿಗಿಯಾಗಿದ್ದೂ ಇದ್ದೂ ಮೈಗೆ ಸಡಿಲ ಅಂದ್ರೇನು ಅನ್ನೋದೇ ಮರೆತುಹೋಗಿದೆ," ಎಂದು ಮೇಡಂ ಕಾಲು, ಹೊಟ್ಟೆ, ಭುಜ, ದವಡೆ, ಎಲ್ಲವನ್ನೂ ಹಾಗೆಯೇ ಬಿಗಿದು ಬಿಡಿಸಿ ತೋರಿಸಿದರು.

ಹಿಡಿದರೆ ಉಡದ ಪಟ್ಟು ಅವಳದು. ಕೆಂಪು ದೀಪದಲ್ಲಿ ಕಾರು ನಿಂತರೆ ಭುಜ ಕಿವಿಯವರೆಗೆ ಎತ್ತಿ ಇಳಿಸುವಳು. ತರಕಾರಿ ಅಂಗಡಿಯ ಸಾಲಿನಲ್ಲಿ ಮುಖ ಕಿವುಚಿ ಬಿಡುವಳು. "ಬದನೆಕಾಯಿ ಚೆನ್ನಾಗಿಲ್ವಾ ಅಮ್ಮ?" ಎಂದು ಅಂಗಡಿಯವನು ಗಾಬರಿಯಾದ. "ಜಗಳಕ್ಕೆ ನಿಂತೋರ ಹಾಗೆ ವಿಶ್ರಾಂತಿ ತಗೊಳ್ಳೋಳು ನೀನೊಬ್ಬಳೇ," ಎಂದ ಗಂಡ. ಎಷ್ಟೋ ದಿನ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಕಾರಿನಲ್ಲಿ ಒಬ್ಬಳೇ ಕೂತು ಅತ್ತೂಬಿಟ್ಟಳು. ಕಣ್ಣೊರೆಸಿಕೊಂಡು ಮತ್ತೆ ಕಾಲ ಹೆಬ್ಬೆರಳಿನಿಂದ ಶುರು ಮಾಡಿದಳು.

ಪರೀಕ್ಷೆಗೆ ಮುಂಚಿನ ದಿನ ಅಕ್ಕ ಅಂಗಡಿಬೀದಿಯಲ್ಲಿ ಮೆಲ್ಲಗೆ ಓಡಿಸುತ್ತಿದ್ದಳು. ಸಂದಿಯಿಂದ ತಳ್ಳುಗಾಡಿಯೊಂದು ಹೊರಬಂತು. ಇನ್ನೂ ಜಾಗವಿತ್ತು. ಬ್ರೇಕಮ್ಮನ ಕಾಲು ಚಂಗನೆ ಮೇಲೆದ್ದಿತು. 'ಬೇಡ,' ಎಂದು ಅದಕ್ಕೆ ಗದರಿದಳು. ಉದ್ದಕ್ಕೆ ಉಸಿರು ಬಿಟ್ಟಳು. ಕಾಲು ಇಳಿಯಿತು, ಪೆಡಲಿನ ಮೇಲಲ್ಲ, ನೆಲದ ಮೇಲೆ.

ಕಾರು ನಿಂತಿತು. ಗಾಡಿಗೆ ಇನ್ನೂ ಮೊಳ ದೂರ.

"ನೀನು ಒತ್ತಿದ್ಯಾ?" ಅಕ್ಕ ಕೇಳಿದಳು.

ಬ್ರೇಕಮ್ಮ ಎರಡೂ ಕಾಲನ್ನೆತ್ತಿ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಅಕ್ಕ ಅದನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು.

"ಹಾಗಾದ್ರೆ ನಾನಾ?"

"ನೀನೇ ಅಕ್ಕ."

"ಏನ್ ತಾಯಿ, ಇಲ್ಲೇ ಸಂಸಾರ ಹೂಡ್ತೀರಾ?" ಎಂದು ಗಾಡಿಯವನು ಕೂಗಿದ. ಅಕ್ಕ ಅಳುತ್ತಲೇ ಹಾರ್ನ್ ಒತ್ತಿದಳು.

ಮರುದಿನ ಗೆರೆಗೆ ಸರಿಯಾಗಿ ಕಾರು ನಿಲ್ಲಿಸಿದಳು. ಪಾಸಾದ ಮೇಲೆ ಅದೇ ಕಾರಿನಲ್ಲಿ ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮನೆಗೆ ಹೊರಟಳು. ದಾರಿಯುದ್ದಕ್ಕೂ ಇನ್ನು ತನ್ನದಾಗುವ ವ್ಯಾನಿನ ಮಾತು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಿಂದ ಹೂಂಗುಟ್ಟುವುದು ನಿಂತಿತು. ಬ್ರೇಕಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಮನೆ ಬಂದರೂ ಅಕ್ಕ ಅವಳನ್ನು ಎಬ್ಬಿಸಲಿಲ್ಲ. ಇಂಜಿನ್ ಆರಿಸಿ ಸುಮ್ಮನೆ ಕೂತಳು. ಬೀದಿಯಲ್ಲಿ ಸೈಕಲ್ಲು, ಲಾರಿ, ಮಕ್ಕಳು ಎಲ್ಲ ಓಡಾಡಿದರು. ತಂಗಿಯ ಬಲಗಾಲು ಅಲುಗಲಿಲ್ಲ.