ಟೆಸ್ಸಾ ಯಾರ ಮನೆಯವಳು?

ನಮ್ಮ ಸೇಂಟ್ ಹೆಲೆನಾ ದ್ವೀಪದಲ್ಲಿ ಹೆತ್ತವರೇ ಮಕ್ಕಳನ್ನು ಸಾಕಬೇಕೆಂಬ ಕಟ್ಟುಪಾಡಿಲ್ಲ. ದುಡಿಯಲು ಹೊರಗೆ ಹೋಗುವವರು ಕೂಸನ್ನು ಅಕ್ಕನಿಗೋ ದೊಡ್ಡಮ್ಮನಿಗೋ ಒಪ್ಪಿಸಿ ಹೊರಟುಬಿಡುತ್ತಾರೆ. ಕಾಗದಪತ್ರ ಯಾರೂ ಕೇಳುವುದಿಲ್ಲ. ಪಕ್ಕದ ಮನೆಯ ಎನಿಡ್ ಕ್ರೌವಿಗೆ ಟೆಸ್ಸಾ ಸಿಕ್ಕಿದ್ದೂ ಹಾಗೆಯೇ. ಎನಿಡ್ ಆಸ್ಪತ್ರೆಯ ಬಟ್ಟೆ ಒಗೆಯುವವಳು, ಮದುವೆಯಾದವಳಲ್ಲ, ಬಾಯಿ ಬಲು ಜೋರು. ಅವಳ ತಂಗಿಯ ಮಗಳು ಶೆರಿಲ್ ಎಂಟು ತಿಂಗಳ ಮಗುವನ್ನು ಅವಳ ಮಡಿಲಲ್ಲಿಟ್ಟು ಇಂಗ್ಲೆಂಡಿಗೆ ಹೋಗಿ ಒಂಬತ್ತು ವರ್ಷವಾಯಿತು.

ಜುಲೈಯಲ್ಲಿ ಸುದ್ದಿ ಬಂತು. ಲಂಡನ್ನಿನ ಸರ್ಕಾರ ಮಕ್ಕಳ ಬಗ್ಗೆ ಹೊರದೇಶಗಳ ಜೊತೆ ಒಪ್ಪಂದವೊಂದನ್ನು ಅಂಗೀಕರಿಸಲಿದೆ, ಅದಕ್ಕೆ ಮೊದಲು ತನ್ನ ಕೈಕೆಳಗಿನ ದ್ವೀಪಗಳನ್ನೂ ಸೇರಿಸಿಕೊಳ್ಳಲು ಯಾವ ಮಗು ಯಾರ ಮನೆಯಲ್ಲಿದೆ ಎಂಬ ಪಟ್ಟಿ ಬೇಕು ಅಂತ.

"ಮಕ್ಕಳನ್ನ ವಾಪಸ್ ಕಳಿಸೋ ಒಪ್ಪಂದವಂತೆ ಕಣೇ," ಎಂದಳು ಎನಿಡ್. "ವಾಪಸ್ ಅಂದ್ರೆ ಎಲ್ಲಿಗೆ? ಶೆರಿಲ್ ಹತ್ರಕ್ಕೆ ತಾನೆ?"

"ನಿನ್ನ ಹತ್ರ ಬೆಳೆದ ಬಜಾರೀನ ಯಾರು ಕರ್ಕೊಂಡು ಹೋಗ್ತಾರೆ, ಸುಮ್ನಿರೇ," ಎಂದೆ. ಅವಳು ನಗಲಿಲ್ಲ. ಅವತ್ತಿನಿಂದ ಮನೆ ಮುಂದೆ ಕಾರು ನಿಂತರೆ ಸಾಕು, ಹುಡುಗಿಯನ್ನು ಒಳಗೆಳೆದುಕೊಳ್ಳುತ್ತಿದ್ದಳು.

ಪಟ್ಟಿ ಹಿಡಿದು ಬಂದವನು ನಮ್ಮವನೇ, ಮರ್ವಿನ್ ಯಾನ್. ತಲೆಗೂದಲು ಸದಾ ನಿಗುರಿರುವುದರಿಂದ ಊರಿಗೆಲ್ಲ ಅವನು ಹುಂಜ.

"ಎನಿಡ್ ಆಂಟಿ, ಟೆಸ್ಸಾ ಇಲ್ಲೇ ಇರೋದು ತಾನೆ?"

"ಅವಳಾ? ರಜಕ್ಕೆ ಬಂದಿದ್ದಾಳಪ್ಪ."

"ಒಂಬತ್ತು ವರ್ಷದ ರಜಾನಾ?"

"ಅಧಿಕಪ್ರಸಂಗ ಮಾಡ್ಬೇಡ ಹುಂಜ. ಹೇಳಿದ್ದು ಬರ್ಕೋ."

ಅವನು ಬರೆದುಕೊಂಡ. ಗೋಡೆಯಾಚೆ ನಿಂತು ಕೇಳಿಸಿಕೊಂಡ ನಾನೂ ಬಾಯಿಬಿಡಲಿಲ್ಲ. ಪಾಪದಲ್ಲಿ ನನ್ನದೂ ಪಾಲಿದೆ.

ಮುಂದಿನ ವಾರ ಸಮುದಾಯ ಭವನದಲ್ಲಿ ಮರ್ವಿನ್ ಎಲ್ಲರಿಗೂ ಬಿಡಿಸಿ ಹೇಳಿದ. ಮಗು ಬೆಳೆದು ನೆಲೆನಿಂತ ಮನೆಯಿಂದ ಅದನ್ನು ಯಾರಾದರೂ ಬೇರೆ ದೇಶಕ್ಕೆ ಎತ್ತಿಕೊಂಡು ಹೋದರೆ, ಅದೇ ಮನೆಗೆ ವಾಪಸ್ ಕೊಡಿಸುವ ಒಪ್ಪಂದ ಅದು. ರಜಕ್ಕೆ ಬಂದ ಮಕ್ಕಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ಎನಿಡ್ ನನ್ನ ಕೈ ಹಿಡಿದುಕೊಂಡಳು. ಅವಳ ಉಗುರು ನಾಟಿತು. ಸಭೆ ಮುಗಿದ ಮೇಲೆ ಮರ್ವಿನ್ ಮುಂದೆ ನಿಂತು, "ಸುಳ್ಳು ಹೇಳಿದೆ ಕಣೋ, ತಿದ್ದು," ಎಂದಳು.

"ತಿದ್ದಬಹುದು ಆಂಟಿ. ಆದ್ರೆ ಶೆರಿಲ್‌ಗೆ ಕಾಗದ ಹೋಗುತ್ತೆ. ಮಗು ನಿಮ್ಮ ಮನೆಯದು ಅಂತ ಅವಳು ಸಹಿ ಹಾಕಿ ನಿಮಗೆ ಕಳಿಸ್ಬೇಕು."

"ಹಾಕದಿದ್ರೆ?"

"ಆಗ ಮಗು ಅವಳದೇ ಅಂತ ಬರ್ಕೋಬೇಕಾಗುತ್ತೆ."

"ಹೀಗೇ ಬಿಟ್ರೆ?"

"ಅವಳಿಗೆ ಯಾವತ್ತು ನೆನಪಾಗುತ್ತೋ ಅವತ್ತು ಬಂದು ಕರ್ಕೊಂಡು ಹೋಗಬಹುದು. ಯಾರೂ ತಡೆಯೋಕಾಗಲ್ಲ."

ಎನಿಡ್ ಶೆರಿಲ್‌ಳ ವಿಳಾಸ ಹೇಳಿದಳು, ಬಾಯಿಪಾಠವಾಗಿತ್ತು. ಬರೆದುಕೊಟ್ಟವಳು ನಾನು.

ಆಮೇಲೆ ಶನಿವಾರದ ವಿಮಾನದಲ್ಲಿ ಅಂಚೆ ಬಂದಾಗಲೆಲ್ಲ ತರಲು ನನ್ನನ್ನೇ ಕಳಿಸುತ್ತಾಳೆ. ತನಗೆ ಬಟ್ಟೆ ಒಗೆಯುವುದಿದೆಯಂತೆ. ಇವತ್ತು ಶೆರಿಲ್ ಕೈಬರಹದ ಲಕೋಟೆ ಸಿಕ್ಕಿದೆ, ಒಳಗೆ ಸಹಿಯ ಕಾಗದ ಇದೆಯೋ ಇಲ್ಲವೋ ತಿಳಿಯದಷ್ಟು ತೆಳ್ಳಗಿದೆ. ಗೋಡೆಯಾಚೆ ಎನಿಡ್ ಬೈಯುತ್ತ ಟೆಸ್ಸಾಗೆ ಜಡೆ ಹೆಣೆಯುತ್ತಿದ್ದಾಳೆ. ಜಡೆ ಮುಗಿಯಲಿ, ಆಮೇಲೆ ಕೊಡುತ್ತೇನೆ.