ಆ ಕಡೆ ಊರಿಲ್ಲದ ಸೇತುವೆ

ನಮ್ಮ ಓಣಿಯ ಬಡಿಗ ಗೌಸಮೊದ್ದೀನ ಗರಗಸ ಹಿಡಿದರೆ ಊಟ ಮರೆಯುವ ಆಸಾಮಿ. ಹರೆಯದಲ್ಲಿ ಕೆಲಸಕ್ಕೆಂದು ಕಲ್ಲಿಕೋಟೆಗೆ ಹೋಗಿದ್ದ. ಹಿಂದೆ ಹಡಗಿಗೆ ಸರಕು ಏರಿಸುತ್ತಿದ್ದ, ದಡದಿಂದ ಕಡಲೊಳಗೆ ಚಾಚಿ ಅಲ್ಲೇ ಮುಗಿಯುವ ಹಳೆಯ ಕಡಲಸೇತುವೆಯ ಕಂಬಗಳು ಅಲ್ಲಿ ನೀರೊಳಗೆ ಸಾಲಾಗಿ ನಿಂತಿದ್ದವು, ಮೇಲೆ ಹಲಗೆ ಇರಲಿಲ್ಲ. ಹಲಗೆ ಇಲ್ಲದ್ದನ್ನು ಕಂಡರೆ ಬಡಿಗನ ಕೈ ಸುಮ್ಮನಿದ್ದೀತೆ? ಒಮ್ಮೆ ತಾನೇ ಅಂಥದ್ದನ್ನು ಕಟ್ಟಬೇಕೆಂಬ ಹುಚ್ಚು ತಲೆಗೆ ಹತ್ತಿತು.

ಈ ಬೇಸಿಗೆ ಹುಬ್ಬಳ್ಳಿಯ ವಸ್ತುಪ್ರದರ್ಶನ ನಡೆಸುವ ಅರಳೆ ವ್ಯಾಪಾರಿ ಕುಬೇರಪ್ಪ, ಮುಂಭಾಗಕ್ಕೆ ಏನಾದರೂ ಹೊಸದು ಬೇಕೆಂದ. ಗೌಸಮೊದ್ದೀನ ಕಡಲಸೇತುವೆಯನ್ನೇ ಕಟ್ಟಿ ನಿಲ್ಲಿಸಿದ. ಕೆಳಗೆ ನೀಲಿ ಬಟ್ಟೆಯ ಕಡಲು, ತೆರೆ ಏಳಲಿಕ್ಕೆ ಬಟ್ಟೆಯಡಿ ಫ್ಯಾನು.

ಮೊದಲ ಸಂಜೆಯೇ ಆಟ ಕೆಟ್ಟಿತು. ದೇವರ ದರ್ಶನಕ್ಕೆ ಹೊರಟಂತೆ ಒಂದೇ ಸಾಲಿನಲ್ಲಿ ಹತ್ತಿದ ಜನ, ತುದಿ ಮುಟ್ಟಿ, ಹೊರಹೋಗುವ ಬಾಗಿಲು ಹುಡುಕುತ್ತ ಅಲ್ಲೇ ನಿಂತರು. ಹಿಂದಿನವರು ದಬ್ಬಿದರು.

“ಹೊರಗ ಹೋಗೂ ದಾರಿ ಎಲ್ಲೈತೋ ತಮ್ಮಾ?” ಅಮ್ಮಿನಬಾವಿಯಿಂದ ಬಂದಿದ್ದ ಮಾಳವ್ವ ಗೌಸಮೊದ್ದೀನನನ್ನು ಕೇಳಿದಳು.

“ಬಂದ ದಾರೀನ ಯವ್ವಾ. ಗಾಳಿ ತೊಗೊಂಡು ಹೊಳ್ಳಿ ಬರೂದು.”

“ಗಾಳಿ ನಮ್ಮೂರಾಗ ಪುಕ್ಕಟ ಐತಿ. ಅದಕ್ಕ ಬಸ್ ಹತ್ತಿ ಇಲ್ಲೀತನಕ ಬರಬೇಕಿತ್ತೇನು?”

ಕುಬೇರಪ್ಪ ಬೆವರೊರೆಸುತ್ತ ಬಂದ. “ಗೌಸೂ, ನಾಳೆ ಸಂಜಿಯೊಳಗ ತುದಿಗೆ ಮೆಟ್ಟಲಾ ಇಳಸು. ಇಲ್ಲಂದ್ರ ಇಡೀದು ಬಿಚ್ಚಸ್ತೇನಿ.”

“ಸಾವಕಾರ್ರ, ಸಮುದ್ರಕ್ಕ ಮೆಟ್ಟಲಾ ಇಳಸಿದ್ರ ಮಂದಿ ಮುಳಗತಾರ್ರಿ.”

“ಬಟ್ಟ್ಯಾಗ ಮುಳಗಲಿ ಬಿಡು.”

ಮರುದಿನ ಬುತ್ತಿ ತಂದ ಹೆಂಡತಿ ಅಬೀದಾ ತುದಿತನಕ ನಡೆದು ಸುತ್ತ ನೋಡಿದಳು. “ಗಾಳಿ ತೊಗೊಳ್ರಿ ಅಂತೀರಿ. ಕೂಡಾಕ ಜಾಗಾ ಎಲ್ಲೈತಿ? ನಮ್ಮ ಮನ್ಯಾಗೂ ಒಂದು ನೆಟ್ಟಗಿನ ಕುರ್ಚಿ ಇಲ್ಲ, ಇಲ್ಲೂ ಹಂಗ ಮಾಡೀರಿ.”

ಗೌಸಮೊದ್ದೀನ ಬುತ್ತಿ ಬದಿಗಿಟ್ಟು ಗರಗಸ ಹಿಡಿದ. ಉಳಿದ ಹಲಗೆ ಕೊಯ್ದು ಸಂಜೆಯೊಳಗೆ ತುದಿಯ ಸುತ್ತ ಬೆಂಚು ಹಾಕಿದ. ಹೋಗುವವರಿಗೂ ಬರುವವರಿಗೂ ನಡುವೆ ಹಗ್ಗ ಎಳೆದ. ಅಬೀದಾ, ಗೇಟಿನ ಹತ್ತಿರ ಮಂಡಕ್ಕಿ ಕಲಸಿ ಗಿರಮಿಟ್ ಮಾರುತ್ತಿದ್ದ ರತ್ನವ್ವನನ್ನು ಬುಟ್ಟಿಸಮೇತ ಕರೆತಂದು ತುದಿಯಲ್ಲಿ ಕೂರಿಸಿದಳು.

ಜನ ಬಂದರು, ಕೂತರು, ಗಿರಮಿಟ್ ಜೊತೆ ಹಸಿಮೆಣಸಿನಕಾಯಿ ಕಡಿದು ಹಾ ಹಾ ಎಂದು ಮನಸಾರೆ ಗಾಳಿ ತೆಗೆದುಕೊಂಡರು. ಪೊಟ್ಟಣ ಮುಗಿದ ಮೇಲೆ ಬಂದ ದಾರಿ ಹಿಡಿದು ನಿಧಾನಕ್ಕೆ ಹೊರಳಿದರು. ಬಾಗಿಲು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಮೆಟ್ಟಿಲು ನೋಡಲು ಬಂದ ಕುಬೇರಪ್ಪನಿಗೆ ಯಾರೋ ಸರಿದು ಜಾಗ ಕೊಟ್ಟರು. ಕೂತ. ಒಂದು ಪೊಟ್ಟಣ ಮುಗಿಸಿ ಇನ್ನೊಂದು ತರಿಸಿದ.

“ಮೆಟ್ಟಲಾ ಬ್ಯಾಡ ಬಿಡು ಗೌಸೂ. ಇನ್ನೆರಡು ಬೆಂಚ್ ಹಾಕು.”

“ಹಾಕ್ತೇನ್ರಿ ಸಾವಕಾರ್ರ. ಮೊದಲ ನೀವು ಏಳ್ರಿ, ನಾನೂ ಒಂದೀಟು ಕೂಡ್ತೇನಿ.”